ಏಪ್ರಿಲ್ ಬೆಳಿಗ್ಗೆ ಖಾಲಿ ಸಿಕ್ಕಿದೆ. ಏನು ನೋಡಲಿ, ಏನು ತಿನ್ನಲಿ?

ಬೆಳಗಿನ ಟ್ರಿಪ್:

ಎಲ್ಲರಿಗೂ ನಮಸ್ಕಾರ. ನಾನು ಶಾಲಾ ವ್ಯಾನ್ ಓಡಿಸುತ್ತೇನೆ. ಹದಿನಾಲ್ಕು ವರ್ಷ ಆಯಿತು. ಪದ್ಮನಾಭನಗರದಿಂದ ಶುರು. ಬನಶಂಕರಿ ಎರಡನೇ ಹಂತ, ಜಯನಗರ ನಾಲ್ಕನೇ ಬ್ಲಾಕ್ ಸುತ್ತಿಕೊಂಡು ಬಸವನಗುಡಿಯ ಒಂದು ಶಾಲೆಗೆ ಮಕ್ಕಳನ್ನು ಬಿಡುತ್ತೇನೆ. 6:40ಕ್ಕೆ ಮೊದಲ ಮಗು ಹತ್ತಬೇಕು, 8:10ಕ್ಕೆ ಎಲ್ಲರೂ ಇಳಿದಿರಬೇಕು. ಇವತ್ತು, ಏಪ್ರಿಲ್ 10, ಈ ವರ್ಷದ ಕೊನೆಯ ಟ್ರಿಪ್ ಮುಗಿಯಿತು.

ಪ್ರತಿ ವರ್ಷ ರಜೆಯಲ್ಲಿ ಬೆಳಿಗ್ಗೆಯಿಂದಲೇ ಬಾಡಿಗೆಗೆ ಹೋಗುತ್ತಿದ್ದೆ. ಈ ಸಲ ಮಗಳು ಕೆಲಸಕ್ಕೆ ಸೇರಿದ್ದಾಳೆ. "ಅಪ್ಪ, ಮಧ್ಯಾಹ್ನದ ಮೇಲೆ ಓಡಿಸಿದ್ರೆ ಸಾಕು, ಬೆಳಿಗ್ಗೆ ನಿನಗಿರಲಿ" ಅಂದಳು. ಹಾಗಾಗಿ ಮೇ ಕೊನೆಯವರೆಗೆ ಬೆಳಗಿನ ಹೊತ್ತು ನನ್ನದು. ಇಷ್ಟು ವರ್ಷದಲ್ಲಿ ಇದೇ ಮೊದಲು.

ನನಗೆ ಬೇಸಿಗೆ ಇಷ್ಟ. ಆದರೆ ಅದನ್ನು ನೋಡಿದ್ದೆಲ್ಲ ಸ್ಟೇರಿಂಗ್ ಹಿಂದೆ ಕೂತೇ. ನನ್ನ ಸ್ಟಾಪುಗಳ ಗುರುತು ಮರಗಳು. ಜಯನಗರದಲ್ಲಿ ಒಂದು ಗುಲಾಬಿ ಹೂವಿನ ಮರ ಇದೆ. ಫೆಬ್ರವರಿಯಲ್ಲಿ ಎಲೆ ಒಂದೂ ಇರುವುದಿಲ್ಲ, ಬರೀ ಹೂವು. ಅಲ್ಲಿ ಹತ್ತುವ ಅವಳಿ ಮಕ್ಕಳು ತಲೆ ಮೇಲೆ ಹೂವು ಬಿದ್ದದ್ದು ಗೊತ್ತಿಲ್ಲದೆ ಹಾಗೇ ಬಂದು ಕೂರುತ್ತವೆ. ನಾನು ಹೇಳುವುದಿಲ್ಲ. ಶಾಲೆ ಬರುವವರೆಗೂ ಕನ್ನಡಿಯಲ್ಲಿ ನೋಡುತ್ತಾ ಇರುತ್ತೇನೆ.

ಈ ಪ್ರಶ್ನೆ ಕೇಳಲು ಕಾರಣ ಇನ್ನೊಂದು ಮಗು. ಎರಡನೇ ಕ್ಲಾಸಿನ ಹುಡುಗಿ. ಮಾರ್ಚ್‌ನಲ್ಲಿ ಒಂದು ದಿನ ತೆಳ್ಳಗೆ ಕಂದು ಬಣ್ಣದ ಏನೋ ಒಂದನ್ನು ನನ್ನ ಕೈಗೆ ಕೊಟ್ಟಳು. ಬೆರಳುದ್ದ ಇದೆ. ಒಂದು ತುದಿ ದಪ್ಪ, ಉಳಿದದ್ದು ಕಾಗದದಷ್ಟು ಹಗುರ. "ಮೇಲಕ್ಕೆ ಎಸೆಯಿರಿ ಅಂಕಲ್" ಅಂದಳು. ಎಸೆದೆ. ಹೆಲಿಕಾಪ್ಟರ್ ರೆಕ್ಕೆಯ ಹಾಗೆ ಗಿರಗಿರ ತಿರುಗುತ್ತಾ ಇಳಿಯಿತು. "ಇದು ಯಾವ ಮರದ್ದು?" ಅಂತ ಕೇಳಿದಳು. ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ" ಅಂದೆ. ಇವತ್ತು ಇಳಿಯುವಾಗ ಇನ್ನೊಂದು ಸಲ ಕೇಳಿದಳು. ಶಾಲೆ ಮತ್ತೆ ಶುರುವಾಗುವ ದಿನ ನನ್ನ ಹತ್ತಿರ ಉತ್ತರ ಇರಬೇಕು. ಅಂಥ ನಾಲ್ಕು ಬೀಜ ವ್ಯಾನಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಆ ಮರ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ.

ಇನ್ನು ನನ್ನ ಪ್ರಶ್ನೆ. ಈ ದಿನಗಳಲ್ಲಿ, ಬೆಂಗಳೂರಿನಲ್ಲಿ, ನಿಮಗೆ ಖುಷಿ ಕೊಡುವ ಸಣ್ಣ ಸಂಗತಿ ಯಾವುದು? ಸುಮ್ನೆ "ಮಾವಿನ ಹಣ್ಣು" ಅಂದರೆ ನನಗೆ ಸಾಲದು. ಯಾವ ಹಣ್ಣು, ಎಷ್ಟು ಹೊತ್ತಿಗೆ, ಹೇಗೆ ತಿನ್ನುತ್ತೀರಿ ಅಂತ ಬರೆಯಿರಿ. ನಾನು ಒಂದೊಂದನ್ನೇ ಹೋಗಿ ನೋಡುತ್ತೇನೆ.

ಮೊದಲು ನನ್ನದು ಹೇಳುತ್ತೇನೆ. ಬೆಳಗಿನ ಜಾವ ಐದಕ್ಕೆ ವ್ಯಾನ್ ತೊಳೆಯುವಾಗ ಕೋಗಿಲೆ ಕೂಗುತ್ತದೆ. ಮೆಲ್ಲಗೆ ಶುರುಮಾಡಿ, ಪ್ರತಿ ಸಲ ಸ್ವಲ್ಪ ಮೇಲೆ ಏರಿಸಿ, ಇನ್ನು ಏರಿಸಲು ಆಗದು ಅನ್ನುವಾಗ ಥಟ್ಟನೆ ನಿಲ್ಲಿಸುತ್ತದೆ. ಆಗ ನಾನೂ ಬಕೆಟ್ ಕೆಳಗಿಟ್ಟು ನಿಲ್ಲುತ್ತೇನೆ. ಎರಡು ನಿಮಿಷ ಬಿಟ್ಟು ಮತ್ತೆ ಕೆಳಗಿನಿಂದ ಶುರು.

ಉಪ್ಪಿನಕಾಯಿ ಭರಣಿ:

ಅಣ್ಣ, ನಿಮ್ಮ ಮನೆಗೆ ತಾರಸಿ ಇದೆಯಾ? ಇದ್ದರೆ ನನ್ನ ಉತ್ತರ ಒಂದೇ. ಅರ್ಧ ಒಣಗಿದ ಸಂಡಿಗೆ.

ನಾನು ಹನುಮಂತನಗರದಲ್ಲಿ ಇರುವುದು. ಮದುವೆಯಾಗಿ ಬಂದಾಗಿನಿಂದ ಯುಗಾದಿ ಮುಗಿದ ಮೇಲಿನ ವಾರ ಸಂಡಿಗೆ ಇಡುತ್ತೇನೆ. ಅರಳು ಸಂಡಿಗೆ ಮಾಡಲು ಬೆಂಕಿ ಹಚ್ಚುವುದೇ ಬೇಡ. ಭತ್ತದ ಅರಳನ್ನು ಹೊಟ್ಟು ಆರಿಸಿ, ನೀರಿಗೆ ಹಾಕಿ ತಕ್ಷಣ ಹಿಂಡಿ ತೆಗೆಯಬೇಕು. ಜಾಸ್ತಿ ನೆನೆದರೆ ಅಂಟಾಗುತ್ತದೆ. ಬೂದುಗುಂಬಳವನ್ನು ಸಣ್ಣಗೆ ಹೆಚ್ಚಿ, ಹಸಿಮೆಣಸಿನಕಾಯಿ, ಉಪ್ಪು, ಇಂಗು ರುಬ್ಬಿ ಹಾಕಿ ಕಲಸಬೇಕು. ಉಪ್ಪು ನಾಲಿಗೆಗೆ ಸ್ವಲ್ಪ ಕಡಿಮೆ ಅನ್ನಿಸುವಷ್ಟೇ ಇರಲಿ. ಒಣಗಿದಾಗ ಸರಿಯಾಗುತ್ತದೆ. ಇದನ್ನು ನಾನು ಎರಡು ವರ್ಷ ಹಾಳುಮಾಡಿಕೊಂಡು ಕಲಿತೆ. ಬೆಳಿಗ್ಗೆ ಏಳರ ಒಳಗೆ ಹಳೆಯ ಬಿಳಿ ಪಂಚೆಯ ಮೇಲೆ ಗೋಲಿಯಂತೆ ಇಟ್ಟು ಮುಗಿಸಬೇಕು. ಎಂಟಾದರೆ ಬೆನ್ನು ಸುಡುತ್ತದೆ.

ಪೂರ್ತಿ ಒಣಗಲು ಮೂರು ಬಿಸಿಲು ಬೇಕು. ಆದರೆ ನಿಜವಾದ ರುಚಿ ಮೊದಲ ದಿನ ಸಂಜೆ ನಾಲ್ಕಕ್ಕೆ. ಮೇಲೆ ಗರಿಗರಿ, ಒಳಗೆ ಇನ್ನೂ ಮೆತ್ತಗೆ, ಖಾರ ಹಸಿಯಾಗಿ ಇರುತ್ತದೆ. ಅಂಗಡಿಯಲ್ಲಿ ಯಾವ ದುಡ್ಡಿಗೂ ಅದು ಸಿಗುವುದಿಲ್ಲ, ಯಾಕೆಂದರೆ ಅದು ಇರುವುದೇ ಒಂದು ಸಂಜೆ. ಚಿಕ್ಕಂದಿನಲ್ಲಿ ನಮ್ಮನ್ನು ಕೋಲು ಕೊಟ್ಟು ಕಾಗೆ ಕಾಯಲು ಕೂರಿಸುತ್ತಿದ್ದರು. ಕಾಗೆಗಿಂತ ನಾವು ತಿಂದದ್ದೇ ಜಾಸ್ತಿ. ಅಮ್ಮನಿಗೆ ಗೊತ್ತಿತ್ತು. ಅದಕ್ಕೇ ಒಂದು ಸಾಲು ಹೆಚ್ಚಿಗೆ ಇಡುತ್ತಿದ್ದಳು ಅಂತ ಈಗ ನಾನು ಇಡುವಾಗ ತಿಳಿಯುತ್ತದೆ.

ನಿಮ್ಮ ಮಗಳಿಗೂ ಒಂದು ಭಾನುವಾರ ಮಾಡಿಕೊಡಿ.

ಲಾಲ್‌ಬಾಗ್ ನಡಿಗೆ:

ಮೊದಲು ಆ ಮಗುವಿನ ಪ್ರಶ್ನೆ. ಅದು ಮಹಾಗನಿ. ನೀವು ಬರೆದ ರೀತಿಯಲ್ಲೇ ಗೊತ್ತಾಯಿತು.

ನಾಳೆ ಬೀಜ ಸಿಕ್ಕಿದ ಜಾಗಕ್ಕೆ ಹೋಗಿ ತಲೆ ಎತ್ತಿ ನೋಡಿ. ಮುಷ್ಟಿಗಿಂತ ದೊಡ್ಡ ಕಂದು ಕಾಯಿಗಳು ಇರುತ್ತವೆ. ಜೋತು ಬೀಳುವುದಿಲ್ಲ, ಕೊಂಬೆಯ ತುದಿಯಲ್ಲಿ ಮೇಲ್ಮುಖವಾಗಿ ನಿಂತಿರುತ್ತವೆ. ಬಲಿತಾಗ ಬುಡದ ಕಡೆಯಿಂದ ಐದು ಹೋಳಾಗಿ ಬಿರಿಯುತ್ತವೆ. ಆ ಹೋಳುಗಳು ದೋಣಿಯ ಹಾಗೆ ಮರದ ಕೆಳಗೆ ಬಿದ್ದಿರುತ್ತವೆ, ಅವನ್ನೂ ಆರಿಸಿಕೊಳ್ಳಿ, ಮಕ್ಕಳಿಗೆ ಬಹಳ ಇಷ್ಟ. ಒಳಗೆ ಬೀಜಗಳು ಪುಸ್ತಕದ ಹಾಳೆಯಂತೆ ಒಂದರ ಮೇಲೊಂದು ಒತ್ತಿ ಕೂತಿರುತ್ತವೆ. ಭಾರ ಒಂದೇ ತುದಿಯಲ್ಲಿ ಇರುವುದರಿಂದ ಅದು ತಿರುಗುತ್ತದೆ. ತಿರುಗಿದಷ್ಟು ನಿಧಾನವಾಗಿ ಇಳಿಯುತ್ತದೆ. ನಿಧಾನ ಇಳಿದಷ್ಟು ಗಾಳಿ ಅದನ್ನು ತಾಯಿಮರದಿಂದ ದೂರ ಒಯ್ಯುತ್ತದೆ. ಎರಡನೇ ಕ್ಲಾಸಿನ ಮಗುವಿಗೆ ಇಷ್ಟು ಹೇಳಿದರೆ ಅರ್ಥವಾಗುತ್ತದೆ.

ಮಹಾಗನಿ ನಮ್ಮ ನೆಲದ ಮರವಲ್ಲ. ಮಧ್ಯ ಅಮೆರಿಕದ ಕಡೆಯದು. ನಿಮ್ಮ ಗುಲಾಬಿ ಮರ ಟಬೂಬಿಯಾ, ಅದೂ ಆ ಕಡೆಯದೇ. ನೀಲಿ ಹೂವಿನ ಜಕರಾಂಡ ದಕ್ಷಿಣ ಅಮೆರಿಕದ್ದು. ಮೇ ತಿಂಗಳ ಗುಲ್‌ಮೊಹರ್ ಮಡಗಾಸ್ಕರ್‌ನದು. ಇವೆಲ್ಲ ಒಂದಾದ ಮೇಲೊಂದು ಹೂ ಬಿಡುವುದರ ಹಿಂದೆ ಒಬ್ಬರ ಯೋಚನೆ ಇದೆ. ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಅವರು 1908ರಲ್ಲಿ ಲಾಲ್‌ಬಾಗ್‌ಗೆ ಬಂದರು. ಬೇರೆ ಬೇರೆ ತಿಂಗಳಲ್ಲಿ ಅರಳುವ ಮರಗಳನ್ನು ಬೀದಿಗಳಲ್ಲಿ ಬೆಳೆಸಿದರೆ ಊರಿನಲ್ಲಿ ವರ್ಷವಿಡೀ ಎಲ್ಲೋ ಒಂದು ಕಡೆ ಹೂವು ಇರುತ್ತದೆ ಅನ್ನುವುದು ಅವರ ಲೆಕ್ಕ. ಆಮೇಲೆ 1980ರ ದಶಕದಲ್ಲಿ ಅರಣ್ಯ ಅಧಿಕಾರಿ ನೇಗಿನಹಾಳ ಅವರು ಐದು ವರ್ಷದಲ್ಲಿ 15 ಲಕ್ಷ ಗಿಡ ನೆಡಿಸಿದರು. ನಾವಿಬ್ಬರೂ ದಿನಾ ನೋಡುವ ಎಷ್ಟೋ ಬೀದಿ ಮರಗಳು ಆ ಕಾಲದವು. ನೆಟ್ಟವರ ಹೆಸರು ಮಕ್ಕಳಿಗೆ ಗೊತ್ತಿರಬೇಕು ಅಂತ ನನಗೆ ಬಹಳ ಅನ್ನಿಸುತ್ತದೆ.

ಆದರೆ ನೀವು ಕೇಳಿದ್ದು ನನ್ನ ಖುಷಿ. ಅದು ಇಷ್ಟು ಹೆಸರಾದ ಹೂವು ಯಾವುದೂ ಅಲ್ಲ. ನಮ್ಮದೇ ಹೊಂಗೆ. ಮಾರ್ಚ್‌ನಲ್ಲಿ ಹಳೇ ಎಲೆ ಉದುರಿಸಿ ಒಂದೇ ವಾರದಲ್ಲಿ ಹೊಸ ಎಲೆ ಹೊದೆಯುತ್ತದೆ. ಎಣ್ಣೆ ಸವರಿದ ಹಾಗೆ ಹೊಳೆಯುವ ಎಳೆ ಹಸಿರು. ಈಗ ಹೂವಿನ ಹೊತ್ತು. ಹೂವು ಮರದ ಮೇಲೆ ಅಷ್ಟಾಗಿ ಕಾಣದು, ನೆಲದ ಮೇಲೆ ನೋಡಬೇಕು. ಬಿಳಿ, ನಸುನೇರಳೆ, ಮಂಡಕ್ಕಿ ಚೆಲ್ಲಿದ ಹಾಗೆ. ಬೆಳಿಗ್ಗೆ ಆರೂವರೆಗೆ, ಕಸ ಗುಡಿಸುವವರು ಬರುವ ಮುಂಚೆ ಹೋಗಿ. ಮರದ ಕೆಳಗೆ ಸುಮ್ನೆ ನಿಂತುಕೊಳ್ಳಿ. ಜೇನುನೊಣಗಳ ಗುಂಯ್ ಸದ್ದು ಮೇಲಿನಿಂದ ಒಂದೇ ಸಮನೆ ಬರುತ್ತಿರುತ್ತದೆ. ಇಡೀ ಮರವೇ ಗುನುಗುತ್ತಿದೆ ಅನ್ನಿಸುತ್ತದೆ.

ಮರೆತೆ. ಆ ನಾಲ್ಕು ಬೀಜವನ್ನು ಡಬ್ಬಿಯಲ್ಲಿ ಇಡಬೇಡಿ. ಹಳೆಯದಾದರೆ ಮೊಳೆಯುವುದಿಲ್ಲ. ಒಂದು ಕುಂಡದಲ್ಲಿ ಸಡಿಲ ಮಣ್ಣು ಹಾಕಿ, ಬೆರಳ ಗೆಣ್ಣಿನಷ್ಟು ಆಳದಲ್ಲಿ ಇಟ್ಟು, ನೆರಳಲ್ಲಿ ಇಡಿ. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಎರಡರಿಂದ ನಾಲ್ಕು ವಾರ ಬೇಕು.

ಬೆಳಗಿನ ಟ್ರಿಪ್:

ಮಹಾಗನಿ! ನಾನು ದಿನಾ ಅದರ ನೆರಳಲ್ಲೇ ವ್ಯಾನ್ ನಿಲ್ಲಿಸುತ್ತಿದ್ದೆ ಸರ್. ಬೀಜ ಈಗಲೇ ಹಾಕುತ್ತೇನೆ. ತಾರಸಿ ಮಾಲೀಕರದು, ಆದರೆ ಕೇಳಿದರೆ ಬೇಡ ಅನ್ನುವುದಿಲ್ಲ ಅಕ್ಕ.

ರಾತ್ರಿಪಾಳಿ:

ನಾನು ನರ್ಸ್. ಊರು ಕಲಬುರಗಿ ಹತ್ತಿರ. ಬೆಳಿಗ್ಗೆ ಏಳೂವರೆಗೆ ಡ್ಯೂಟಿ ಮುಗಿಯುತ್ತದೆ. ಪಿ.ಜಿ.ಗೆ ನಡೆದು ಹೋಗುವ ದಾರಿಯಲ್ಲಿ ಒಂದು ಮನೆಯವರು ಗೇಟಿನ ಹೊರಗೆ ಸ್ಟೂಲ್ ಇಟ್ಟು, ಅದರ ಮೇಲೆ ಮಣ್ಣಿನ ಮಡಕೆ, ಒಂದು ಸ್ಟೀಲ್ ಲೋಟ ಇಟ್ಟಿದ್ದಾರೆ. ಅರವಟ್ಟಿಗೆ. ಯಾರಿಟ್ಟರು ಅಂತ ಇವತ್ತಿನವರೆಗೂ ನೋಡಿಲ್ಲ. ಮಡಕೆಗೆ ಒದ್ದೆ ಬಟ್ಟೆ ಸುತ್ತಿರುತ್ತಾರೆ, ನೀರಲ್ಲಿ ಲಾವಂಚದ ಬೇರು ಹಾಕಿರುತ್ತಾರೆ. ಹನ್ನೆರಡು ಗಂಟೆ ಎ.ಸಿ. ಗಾಳಿಯಲ್ಲಿ ಇದ್ದು ಬಂದವಳಿಗೆ ಆ ಒಂದು ಲೋಟ ನೀರು ಕುಡಿದಾಗ ಮಣ್ಣಿನ ವಾಸನೆ, ಬೇರಿನ ವಾಸನೆ ಎರಡೂ ಗಂಟಲಲ್ಲಿ ಉಳಿಯುತ್ತದೆ. ಮನೆ ನೆನಪಾಗುತ್ತದೆ.

ಇಲ್ಲಿಯವರು 35 ಡಿಗ್ರಿಗೆ ಸೆಕೆ ಅಂತೀರಿ. ನಮ್ಮ ಕಡೆ ಮೇನಲ್ಲಿ 42 ಆದರೂ ಯಾರೂ ಮಾತಾಡುವುದಿಲ್ಲ. ಈ ಊರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ. ಅದರ ಬೆಲೆ ಸಂಜೆ ಆರೂವರೆಗೆ ಗೊತ್ತಾಗುತ್ತದೆ. ಬಿಸಿಲು ಹೋದ ಕೂಡಲೇ ಗಾಳಿ ತಣ್ಣಗೆ ಬರುತ್ತದೆ. ನಮ್ಮ ಊರಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ. ಡ್ಯೂಟಿಗೆ ಹೊರಡುವ ಮುಂಚೆ ಆ ಗಾಳಿಯಲ್ಲಿ ಕೂದಲು ಒಣಗಿಸಿಕೊಳ್ಳುವ ಹತ್ತು ನಿಮಿಷ ನನಗೆ ಬೇಕೇ ಬೇಕು.

ತಾಟಿನಿಂಗು, ಅಂದರೆ ಎಳೆ ತಾಳೆಕಾಯಿಯ ತಿರುಳು, ತಿಂದಿದ್ದೀರಾ? ಗಾಡಿಯವರಿಗೆ "ಎಳೇದು ಕೊಡಿ" ಅನ್ನಿ. ಹೆಬ್ಬೆರಳಿಂದ ಒತ್ತಿದರೆ ಒಳಗೆ ನೀರು ಅಲುಗಾಡಬೇಕು. ಸಿಪ್ಪೆ ಒಗರು, ಸುಲಿದು ತಿನ್ನಿ.

ಪೇಟೆ ಹುಡುಗ:

ಬೇರೆಲ್ಲ ಆಮೇಲೆ. ನಾಳಿದ್ದು ಚೈತ್ರ ಹುಣ್ಣಿಮೆ, ಕರಗ. ನೀವು ಯಾವತ್ತೂ ಬಂದಿಲ್ಲದಿದ್ದರೆ ಈ ವರ್ಷ ಬನ್ನಿ. ಮಾರನೇ ದಿನ ಬೆಳಿಗ್ಗೆ ಏಳುವ ಅವಸರ ನಿಮಗಿಲ್ಲ.

ನಾನು ಹುಟ್ಟಿದ್ದು ತಿಗಳರಪೇಟೆ. ನಮ್ಮ ಮನೆಯಿಂದ ಧರ್ಮರಾಯಸ್ವಾಮಿ ಗುಡಿ ಐದು ನಿಮಿಷ. ಮಧ್ಯರಾತ್ರಿ ಕಳೆದ ಮೇಲೆ ಕರಗ ಗುಡಿಯಿಂದ ಹೊರಗೆ ಬರುತ್ತದೆ. ಅದಕ್ಕೆ ಮುಂಚೆ ಅಷ್ಟು ಸಾವಿರ ಜನ ಮಾತಾಡುತ್ತಾ, ಐಸ್‌ಕ್ರೀಮ್ ತಿನ್ನುತ್ತಾ ಇರುತ್ತಾರೆ. ಬಾಗಿಲಲ್ಲಿ, ಕರಗಕ್ಕೆ ಕಾವಲಾಗಿ ಬರುವ ವೀರಕುಮಾರರ ಕತ್ತಿ ಮಿನುಗಿದ ಕೂಡಲೇ "ಗೋವಿಂದ ಗೋವಿಂದ" ಅಂತ ಒಂದೇ ಕೂಗು. ಎಲ್ಲ ಕಡೆಯಿಂದ ಮಲ್ಲಿಗೆ ಬೀಳುತ್ತದೆ. ಮಾಳಿಗೆ ಮೇಲಿಂದ, ಮರದ ಮೇಲಿಂದ. ಕರಗ ಹೊತ್ತವರು ಓಡುತ್ತಾ ನಿಮ್ಮ ಮುಂದೆ ಹಾದುಹೋಗುವುದು ಕೆಲವೇ ಕ್ಷಣ. ಆ ಮಲ್ಲಿಗೆ ವಾಸನೆ ಮಾತ್ರ ಬೀದಿಯಲ್ಲಿ ನಿಂತುಬಿಡುತ್ತದೆ.

ಜನಜಂಗುಳಿ ಇಷ್ಟವಿಲ್ಲದಿದ್ದರೆ ಕಾಟನ್‌ಪೇಟೆಗೆ ಹೋಗಿ. ಕರಗ ಅಲ್ಲಿ ಮಸ್ತಾನ್ ಸಾಬ್ ದರ್ಗಾಕ್ಕೆ ಬಂದು ಹೋಗುತ್ತದೆ. ನಾನು ಪ್ರತಿ ವರ್ಷ ಅಲ್ಲೇ ನಿಲ್ಲುತ್ತೇನೆ. ಒಂದು ಸಲ ನನ್ನ ಪಕ್ಕದಲ್ಲಿ ನಿಂತಿದ್ದ ಟೋಪಿ ಹಾಕಿದ ತಾತ ತಮ್ಮ ಮೊಮ್ಮಗಳ ಕೈಗೆ ಮಲ್ಲಿಗೆ ಕೊಟ್ಟು, ಭುಜದ ಮೇಲೆ ಎತ್ತಿಕೊಂಡು, "ಈಗ ಹಾಕು" ಅಂದರು. ಹೂವು ಅರ್ಧ ನನ್ನ ತಲೆ ಮೇಲೆ ಬಿತ್ತು. ನಿಮ್ಮ ಅವಳಿ ಮಕ್ಕಳ ಕಥೆ ಓದಿ ಅದು ನೆನಪಾಯಿತು.

ಚನ್ನಪಟ್ಟಣದ ತೋಟ:

ಮಾವಿನ ವಿಷಯ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನಮ್ಮದು ನಾಲ್ಕು ಎಕರೆ ಮಾವು.

ಏಪ್ರಿಲ್ ಮಧ್ಯದಲ್ಲಿ ಗಾಡಿ ತುಂಬ ಹಳದಿ ಬಾದಾಮಿ ಕಂಡರೆ ಸ್ವಲ್ಪ ತಡೆಯಿರಿ. ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಆದರೂ ಕೆಲವರು ಬಿಡುವುದಿಲ್ಲ. ಸುಳಿವು ಮೂಗಿಗೆ ಸಿಗುತ್ತದೆ. ತೊಟ್ಟಿನ ಹತ್ತಿರ ಮೂಸಿ ನೋಡಿ. ವಾಸನೆ ಇಲ್ಲದ ಹಣ್ಣು ಎಷ್ಟು ಚೆನ್ನಾಗಿ ಕಂಡರೂ ಬೇಡ. ಹುಲ್ಲಿನಲ್ಲಿ ಹಣ್ಣಾದದ್ದು ಎಲ್ಲ ಕಡೆ ಒಂದೇ ಹಳದಿ ಆಗಿರುವುದಿಲ್ಲ, ಅಲ್ಲಲ್ಲಿ ಹಸಿರು ಉಳಿದಿರುತ್ತದೆ.

ನನ್ನ ಕೇಳಿದರೆ ಈಗ ಸೇಂದೂರ ತಿನ್ನಿ. ಚಿಕ್ಕ ಹಣ್ಣು, ಹೆಗಲ ಮೇಲೆ ಕೆಂಪು. ತಣ್ಣೀರಲ್ಲಿ ಒಂದು ಗಂಟೆ ನೆನೆಸಿ, ಕೈಯಲ್ಲೇ ಮೆತ್ತಗೆ ಹಿಸುಕಿ, ತೊಟ್ಟು ಕಿತ್ತು, ಮೊದಲು ಬರುವ ಸೊನೆಯ ಹನಿ ಚೆಲ್ಲಿ, ಬಾಯಿಗಿಟ್ಟು ಹೀರಿ. ತಟ್ಟೆ, ಚಾಕು ಬೇಡ. ರಸಪುರಿಗೆ ಮೇ ತನಕ ಕಾಯಿರಿ. ಆಗ ಸೀಕರಣೆ ಮಾಡಿ. ರಸಕ್ಕೆ ಹಾಲು, ಬೆಲ್ಲ, ಏಲಕ್ಕಿ. ಮಿಕ್ಸಿಗೆ ಹಾಕಬೇಡಿ, ಕೈಯಲ್ಲಿ ಹಿಂಡಿ. ದೋಸೆ ಜೊತೆ.

ಮೊದಲ ಮಳೆಯ ವಿಷಯ ನಾನು ಖುಷಿಯಿಂದ ಬರೆಯಲಾರೆ. ನಿಮಗೆ ಆಲಿಕಲ್ಲು ಚೆಂದ. ನಮಗೆ ಬೆಳಿಗ್ಗೆ ತೋಟದಲ್ಲಿ ಉದುರಿದ ಕಾಯಿ ಆರಿಸುವ ಕೆಲಸ. ಆದರೂ ಮಣ್ಣಿನ ವಾಸನೆ ಬಂದಾಗ ನಾನೂ ಹೊರಗೆ ಬಂದು ನಿಲ್ಲುತ್ತೇನೆ. ಉದುರಿದ ಕಾಯನ್ನು ಹೆಂಡತಿ ತೊಕ್ಕು ಮಾಡುತ್ತಾಳೆ.

ಉಪ್ಪಿನಕಾಯಿ ಭರಣಿ:

ತೋಟದವರೇ, ಉದುರಿದ ಕಾಯಿ ಮಾರುವುದಿದ್ದರೆ ಇಲ್ಲಿ ಹೇಳಿ. ಹುಳಿ ಗಟ್ಟಿ ಇರುವ ಕಾಯಿಯ ತೊಕ್ಕು ವರ್ಷ ಇಟ್ಟರೂ ಕೆಡುವುದಿಲ್ಲ. ನಮ್ಮ ಬೀದಿಯಲ್ಲೇ ಹತ್ತು ಮನೆಯವರು ತಗೊಳ್ಳುತ್ತಾರೆ.

ಬೆಳಗಿನ ಟ್ರಿಪ್:

ಎರಡೂವರೆ ವಾರ ಆಯಿತು. ನಿಮಗೆಲ್ಲ ಲೆಕ್ಕ ಒಪ್ಪಿಸಬೇಕು.

ಕರಗಕ್ಕೆ ಹೋದೆ. ಕಾಟನ್‌ಪೇಟೆಯಲ್ಲೇ ನಿಂತೆ. ಬೆಂಗಳೂರಿನಲ್ಲಿ ಮೂವತ್ತು ವರ್ಷ ಇದ್ದು ನೋಡಿರಲಿಲ್ಲ. ಮನೆಗೆ ಬಂದಾಗ ಬೆಳಗಾಗಿತ್ತು. ಶರ್ಟಿನ ಜೇಬಿನಲ್ಲಿ ಮೂರು ಮಲ್ಲಿಗೆ ಸಿಕ್ಕಿತು. ಹೆಂಡತಿಗೆ ಕೊಟ್ಟೆ. ಮುಂದಿನ ವರ್ಷ ಅವಳೂ ಬರುತ್ತಾಳಂತೆ.

ಹೊಂಗೆ ಮರದ ಕೆಳಗೆ ಮೂರು ದಿನ ನಿಂತೆ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಹತ್ತಿರ. ಮೊದಲ ದಿನ ಏನೂ ಕೇಳಿಸಲಿಲ್ಲ. ಎರಡನೇ ದಿನ ಆ ಗುಂಯ್ ಸದ್ದು ಸಿಕ್ಕಿತು. ಒಂದು ಸಲ ಸಿಕ್ಕಿದ ಮೇಲೆ ಎಲ್ಲ ಹೊಂಗೆ ಮರದಲ್ಲೂ ಕೇಳುತ್ತಿದೆ. ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಮಾಡಿದರೂ ಕೇಳಿಸುತ್ತದೆ. ಹದಿನಾಲ್ಕು ವರ್ಷ ಅದೇ ಮರಗಳ ಕೆಳಗೆ ಇಂಜಿನ್ ಓಡುತ್ತಲೇ ಇತ್ತು.

ಸೇಂದೂರ ನೀವು ಹೇಳಿದ ಹಾಗೇ ತಿಂದೆವು, ಬಚ್ಚಲ ಪಕ್ಕ ಕೂತು. ಮಗಳು ಆರು ತಿಂದಳು. ತಾಟಿನಿಂಗು ನನಗೆ ಅಷ್ಟು ಹಿಡಿಸಲಿಲ್ಲ, ರುಚಿಗಿಂತ ತಂಪು ಇಷ್ಟವಾಯಿತು. ರಾತ್ರಿಪಾಳಿ ಅವರೇ, ನಮ್ಮ ಗೇಟಿನ ಹತ್ತಿರ ಈಗ ಒಂದು ಮಡಕೆ ಇದೆ. ಲಾವಂಚ ಗಾಂಧಿ ಬಜಾರ್‌ನಲ್ಲಿ ಸಿಕ್ಕಿತು. ಬೆಳಿಗ್ಗೆ ತುಂಬಿಸುತ್ತೇನೆ, ಹನ್ನೊಂದಕ್ಕೆ ಖಾಲಿ. ಪೇಪರ್ ಹಾಕುವ ಹುಡುಗ, ಕಸದ ಗಾಡಿಯವರು, ಪಾರ್ಸಲ್ ತರುವವರು ಕುಡಿಯುತ್ತಾರೆ. ಯಾರಿಟ್ಟರು ಅಂತ ಅವರಿಗೂ ಗೊತ್ತಿಲ್ಲ.

ಸಂಡಿಗೆ ಇಟ್ಟ ದಿನವೇ ಅಶ್ವಿನಿ ಮಳೆ ಬಂತು ಅಕ್ಕ! ಮೂರೂವರೆಗೆ ಮೋಡ, ನಾಲ್ಕಕ್ಕೆ ಗುಡುಗು. ನಾನು, ಹೆಂಡತಿ, ಮಾಲೀಕರು, ಮೇಲಿನ ಮನೆಯ ಹುಡುಗರು ಸೇರಿ ಪಂಚೆಯ ನಾಲ್ಕು ಮೂಲೆ ಹಿಡಿದು ಕೆಳಗೆ ಓಡಿದೆವು. ಮೆಟ್ಟಿಲ ಮೇಲೆ ಎಲ್ಲರೂ ಕೂತು ಆ ಅರ್ಧ ಒಣಗಿದ ಸಂಡಿಗೆಯನ್ನು ಅಲ್ಲೇ ತಿಂದು ಮುಗಿಸಿದೆವು. ಹೊರಗೆ ಮಳೆ ಹೊಯ್ಯುತ್ತಿತ್ತು. ಕರಿಯಲು ಒಂದೂ ಉಳಿಯಲಿಲ್ಲ. ಬರುವ ಭಾನುವಾರ ಮತ್ತೆ ಇಡುತ್ತೇವೆ.

ಬೀಜ ಹಾಕಿ ಇವತ್ತಿಗೆ ಹದಿನೇಳು ದಿನ. ಕುಂಡವನ್ನು ಮೆಟ್ಟಿಲ ಕೆಳಗಿನ ನೆರಳಲ್ಲಿ ಇಟ್ಟಿದ್ದೇನೆ. ದಿನಾ ಬೆಳಿಗ್ಗೆ ಐದಕ್ಕೆ, ಕೋಗಿಲೆ ಶುರುಮಾಡುವ ಹೊತ್ತಿಗೆ ಟಾರ್ಚ್ ಹಾಕಿ ನೋಡುತ್ತೇನೆ. ಇವತ್ತು ಒಂದು ಕಡೆ ಮಣ್ಣು ಕೂದಲೆಳೆಯಷ್ಟು ಬಿರಿದಿದೆ. ಲಾಲ್‌ಬಾಗ್ ಸರ್, ಈಗ ನೀರು ಮೊದಲಿನಷ್ಟೇ ಹಾಕಲಾ, ಕಡಿಮೆ ಮಾಡಲಾ?

ಲಾಲ್‌ಬಾಗ್ ನಡಿಗೆ:

ಮೊದಲಿನಷ್ಟೇ. ಮುಟ್ಟಬೇಡಿ, ಕೆದಕಬೇಡಿ. ಎಳೆಯ ಕುಡಿ ಕೆಂಪಗೆ ಬಂದರೆ ಹೆದರಬೇಡಿ, ಎಲೆ ಬಲಿತಂತೆ ಹಸಿರಾಗುತ್ತದೆ.